ಗಾಣಕ್ಕೂ ಕುಲುಮೆಗೂ ಸಾಕ್ಷಿ ಕೇಳುವವರಿಗೆ

ಮದ್ದೂರು, ಮಳವಳ್ಳಿ ಸೀಮೆಯ ಚರಿತ್ರೆಯನ್ನು ಯಾರೇ ಬರೆಯಲಿ, ಅದರಲ್ಲಿ ಎಣ್ಣೆಗಾಣಕ್ಕೊಂದು ಅಧ್ಯಾಯ, ಅದಿರು ಕರಗಿಸಿದ ಕುಲುಮೆಗೊಂದು ಅಧ್ಯಾಯ ಇರಲೇಬೇಕು. ಈ ಮಾತನ್ನು ನಮ್ಮ ಊರು ಬೆಸಗರಹಳ್ಳಿಯ ಜಗಲಿಗಳ ಮೇಲೂ ಆಡಿದ್ದೇನೆ, ಸಭೆಗಳಲ್ಲೂ ಆಡಿದ್ದೇನೆ. ಆಡಿದಾಗಲೆಲ್ಲ ಎದುರು ಮಾತು ಬಂದಿದೆ. ಓದಿಕೊಂಡವರು, ಊರಿನ ಮೇಲೆ ಅಭಿಮಾನ ಇಟ್ಟುಕೊಂಡವರು ಆಡಿದ ಮಾತುಗಳವು. ಉತ್ತರ ಕೊಡದೆ ಬಿಟ್ಟರೆ ಅವರಿಗೂ ಅನ್ಯಾಯ, ವಿಷಯಕ್ಕೂ ಅನ್ಯಾಯ. ಅದಕ್ಕೇ ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ.

ಎಲ್ಲರ ಬಾಯಲ್ಲೂ ಮೊದಲು ಬರುವುದು ಇದು: ನಮ್ಮದು ಬೇಸಾಯದ ಸೀಮೆ, ರಾಗಿ, ಭತ್ತ, ಕಬ್ಬು ಬಿಟ್ಟರೆ ಬೇರೇನೂ ಇರಲಿಲ್ಲ, ಕೈಗಾರಿಕೆ ಎಂಬುದು 1933ರಲ್ಲಿ ಮಂಡ್ಯಕ್ಕೆ ಮೈಸೂರು ಸಕ್ಕರೆ ಕಂಪನಿ ಬಂದಾಗಲೇ ಕಣ್ಣುಬಿಟ್ಟಿದ್ದು.

ಮೈಷುಗರ್ ಮೇಲಿನ ಗೌರವದಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ. ಕನ್ನಂಬಾಡಿಯ ನೀರು, ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿ, ರೈತರ ಷೇರು ಹಣ ಒಟ್ಟಾಗಿ ಎದ್ದ ಕಾರ್ಖಾನೆ ಅದು. ಆದರೆ ಅದು ಎದ್ದೇಳುವುದಕ್ಕೆ ಮೂವತ್ತೊಂದು ವರ್ಷ ಮೊದಲೇ, 1902ರಲ್ಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರು ವಿದ್ಯುತ್ತಾಗಿ ಹೊರಟಿತ್ತು. ಹೊರಟಿದ್ದು ಮಳವಳ್ಳಿಗಲ್ಲ, ಮದ್ದೂರಿಗಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಅಲ್ಲಿ ಕಲ್ಲು ಪುಡಿಮಾಡುವ ಯಂತ್ರಗಳು ತಿರುಗಿದ್ದು ನಮ್ಮ ತಾಲ್ಲೂಕಿನ ಜಲಪಾತದ ಬಲದಿಂದ. ಕೋಲಾರದ ಚಿನ್ನದ ಕಥೆಯನ್ನು ಹೇಳುವವರು ಲಂಡನ್ನಿನ ಜಾನ್ ಟೇಲರ್ ಕಂಪನಿಯ ಹೆಸರು ಹೇಳುತ್ತಾರೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರು ಹೇಳುತ್ತಾರೆ, ಸರಿ. ಮಳವಳ್ಳಿಯ ಹೆಸರು ಎಷ್ಟು ಜನ ಹೇಳುತ್ತಾರೆ? ಹೊರಗಿನವರು ಬಿಟ್ಟರೆ ಬಿಡಲಿ, ಅದನ್ನು ನಾವೇ ನಮ್ಮ ಕೈಗಾರಿಕೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಆತಕೂರಿನ ಶಾಸನ ನಮ್ಮ ಮದ್ದೂರು ತಾಲ್ಲೂಕಿನದು, ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದ ವಿಷಯ ಅದರಲ್ಲಿದೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ವಿಷಯವೂ ಇದೆ. ಶಾಲೆಯ ಮಕ್ಕಳಿಗೂ ಆ ನಾಯಿಯ ಕಥೆ ಗೊತ್ತು, ಗೊತ್ತಿರುವುದು ಸಂತೋಷವೇ. ಆದರೆ ಆ ಯುದ್ಧಕ್ಕೆ ಹೋದವರ ಕತ್ತಿ, ಭರ್ಜಿಗಳ ಕಬ್ಬಿಣ ಆಕಾಶದಿಂದ ಉದುರಿರಲಿಲ್ಲ. ಕರ್ನಾಟಕದಲ್ಲಿ ಕಬ್ಬಿಣದ ಬಳಕೆ ಕ್ರಿಸ್ತಪೂರ್ವ 1000ದಷ್ಟು ಹಳೆಯದೆಂದು ಹಳ್ಳೂರಿನ ಉತ್ಖನನದಿಂದ ಗೊತ್ತಾಗಿದೆ. ಸಾವಿರಾರು ವರ್ಷ ನೇಗಿಲಿಗೆ ಕುಳ, ಕೈಗೆ ಕುಡುಗೋಲು, ಬಂಡಿಗೆ ಪಟ್ಟಿ ಕೊಟ್ಟವರ ಕೆಲಸ ಕೈಗಾರಿಕೆ ಅಲ್ಲದಿದ್ದರೆ ಇನ್ಯಾವುದು ಕೈಗಾರಿಕೆ?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ದಾಖಲೆ ಎಲ್ಲಿದೆ ಎಂದು ಕೇಳುತ್ತಾರೆ. ಹಳೆಯ ಗೆಜೆಟಿಯರ್‌ಗಳನ್ನು ತಿರುವಿ ಹಾಕಿದರೂ ಮಂಡ್ಯ ಜಿಲ್ಲೆಯ ಹೆಸರಿನಡಿ ಕಬ್ಬಿಣದ ಸುದ್ದಿಯೇ ಇಲ್ಲ ಎನ್ನುತ್ತಾರೆ.

ಇರುವುದಾದರೂ ಹೇಗೆ? ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದಕ್ಕೂ ಮುಂಚೆ ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲವೂ ಮೈಸೂರು ಜಿಲ್ಲೆಯೊಳಗೆ. ಹುಡುಕಬೇಕಾದ ಪುಟ ಬೇರೆ. 1897ರಲ್ಲಿ ಬಂದ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಸಂಸ್ಥಾನದಲ್ಲಿ ಕಬ್ಬಿಣ ಕರಗಿಸುವ ತಾಲ್ಲೂಕುಗಳ ಪಟ್ಟಿ ಇದೆ. ಮಾಗಡಿ, ಚಿಕ್ಕನಾಯಕನಹಳ್ಳಿ, ಹೆಗ್ಗಡದೇವನಕೋಟೆ, ಅರಸೀಕೆರೆಗಳ ಜೊತೆಗೆ ಮಳವಳ್ಳಿಯ ಹೆಸರೂ ಅಲ್ಲಿದೆ. ದೇಶಿ ಕಬ್ಬಿಣ, ಉಕ್ಕಿನ ಕಸುಬು ಅಗ್ಗದ ಆಮದಿನ ಮುಂದೆ ನೆಲಕಚ್ಚುತ್ತಿದೆ ಎಂಬ ಮಾತನ್ನೂ ರೈಸ್ ಅಲ್ಲೇ ಹೇಳಿದ್ದಾರೆ. ಕಸುಬು ಇತ್ತೆಂಬುದಕ್ಕೂ ಅದು ಸಾಯುತ್ತಿತ್ತೆಂಬುದಕ್ಕೂ ಒಂದೇ ಪುಸ್ತಕದ ಸಾಕ್ಷಿ ಸಿಕ್ಕಂತಾಯಿತು.

ಇದಕ್ಕೆ ಸುಮಾರು ನೂರು ವರ್ಷ ಹಿಂದೆ, ಟಿಪ್ಪು ಬಿದ್ದ ಮರುವರ್ಷವೇ, ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದ. 1800ರಲ್ಲಿ ಬೆಂಗಳೂರಿಂದ ಹೊರಟು ಚನ್ನಪಟ್ಟಣ, ಮದ್ದೂರು, ಮಂಡ್ಯ ಹಾದು ಶ್ರೀರಂಗಪಟ್ಟಣ ತಲುಪಿದ. ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ಕಂಪನಿ ಸರ್ಕಾರಕ್ಕೆ ವರದಿ ಮಾಡುವುದು ಅವನ ಕೆಲಸವಾಗಿತ್ತು. ನಮ್ಮನ್ನು ಹೊಗಳುವ ಹಂಗು ಅವನಿಗಿರಲಿಲ್ಲ. ಆ ಬುಕಾನನ್ ಚನ್ನಪಟ್ಟಣದಲ್ಲಿ ಕಂಡದ್ದು ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ. ಅದು ಇಂಡಿಯಾದ ದೂರದೂರದ ಊರುಗಳಿಗೆ ಹೋಗುತ್ತಿತ್ತು. ಚನ್ನಪಟ್ಟಣ ನಮ್ಮ ಮದ್ದೂರಿಗೆ ಎಷ್ಟು ದೂರ? ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸಂತೆಗೆ ಹೋಗಿ ಬರುವಷ್ಟು. ವೀಣೆಯ ತಂತಿ ಎಳೆಯಬೇಕಾದರೆ ಸಾಧಾರಣ ಕಬ್ಬಿಣ ಸಾಲದು, ಎಳೆದಷ್ಟೂ ಕಡಿಯದೆ ಬರುವ ಉಕ್ಕು ಬೇಕು. ಆ ಉಕ್ಕು ಮಾಡುವ ಬಗೆಯನ್ನು ಅವನು ಮಾಗಡಿ ಕಡೆಯ ಗಟ್ಟಿಪುರದಲ್ಲಿ ನೋಡಿ ಬರೆದುಕೊಂಡ.

ಆ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮೂರನೆಯ ಆಕ್ಷೇಪಕ್ಕೆ ಉತ್ತರ ಅದರೊಳಗೇ ಇದೆ. ಮಳೆಗಾಲದಲ್ಲಿ ಹಳ್ಳಗಳು ಬಂಡೆಯಿಂದ ಕೊಚ್ಚಿ ತಂದ ಕಪ್ಪು ಮರಳೇ ಅಲ್ಲಿ ಅದಿರು. ಮರಳನ್ನು ನೀರಿನಲ್ಲಿ ತೊಳೆದರೆ ಹಗುರದ್ದು ಹರಿದುಹೋಗಿ ತೂಕದ್ದು ತಳದಲ್ಲಿ ಉಳಿಯುತ್ತದೆ. ಅದನ್ನು ಇದ್ದಿಲಿನ ಜೊತೆ ಮಣ್ಣಿನ ಕುಲುಮೆಗೆ ಸುರಿದು ತಿದಿ ಒತ್ತುತ್ತಾರೆ. ಕಿಟ್ಟ ಕರಗಿ ಬೇರೆಯಾಗುತ್ತದೆ, ಕಬ್ಬಿಣ ಮುದ್ದೆಯಾಗಿ ಕೂರುತ್ತದೆ. ಮುದ್ದೆಯನ್ನು ಬಡಿದು ಬಡಿದು ಒಳಗೆ ಉಳಿದ ಕಿಟ್ಟ ಬಿಡಿಸುತ್ತಾರೆ. ಇಲ್ಲಿಗೆ ಕಬ್ಬಿಣ. ಉಕ್ಕಾಗಬೇಕಾದರೆ ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಗೆ ಹಾಕಿ, ಜೊತೆಗೆ ತೂಕ ನೋಡಿ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಮೂಸೆಗಳನ್ನು ಸಾಲಾಗಿ ಜೋಡಿಸಿ ಉರಿಯಲ್ಲಿ ಕಾಯಿಸಬೇಕು. ಗಾಳಿಯಾಡದ ಮೂಸೆಯೊಳಗೆ ಕಡ್ಡಿ, ಎಲೆ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರುತ್ತದೆ. ಎಷ್ಟು ಸೇರಬೇಕೋ ಅಷ್ಟೇ ಸೇರಬೇಕು. ಕಮ್ಮಿಯಾದರೆ ಕಬ್ಬಿಣವಾಗೇ ಉಳಿಯುತ್ತದೆ, ಜಾಸ್ತಿಯಾದರೆ ಪಟ್ಟನೆ ಒಡೆಯುತ್ತದೆ.

ಈಗ ಮೂರನೆಯ ಆಕ್ಷೇಪ: ಅದೆಲ್ಲ ಒರಟು ಕೆಲಸ, ವಿಜ್ಞಾನ ಗೊತ್ತಿಲ್ಲದವರು ಹೇಗೋ ಮಾಡುತ್ತಿದ್ದುದು, ಯುರೋಪಿನ ಲೋಹವಿಜ್ಞಾನದ ಮುಂದೆ ನಿಲ್ಲಲಾರದೆ ತಾನಾಗೇ ಅಳಿಯಿತು.

ಒರಟು ಕೆಲಸವಾಗಿದ್ದರೆ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1795ರಲ್ಲಿ ಜಾರ್ಜ್ ಪಿಯರ್ಸನ್ ದಕ್ಷಿಣ ಇಂಡಿಯಾದ ಮೂಸೆಯುಕ್ಕಿನ ಬಗ್ಗೆ ಪ್ರಬಂಧ ಓದುವ ಅಗತ್ಯ ಇರಲಿಲ್ಲ. ವಿದ್ಯುತ್ತಿನ ವಿಜ್ಞಾನಕ್ಕೆ ಹೆಸರಾದ ಮೈಕಲ್ ಫ್ಯಾರಡೆ ತನ್ನ ಎಳೆಯ ವಯಸ್ಸಿನಲ್ಲಿ ಜೇಮ್ಸ್ ಸ್ಟೋಡಾರ್ಟ್ ಜೊತೆ ಕೂತು ಅದೇ ಉಕ್ಕನ್ನು ಇಂಗ್ಲೆಂಡಿನಲ್ಲಿ ತಯಾರಿಸಲು ಪ್ರಯತ್ನಪಟ್ಟು 1820ರಲ್ಲಿ ಲೇಖನ ಬರೆಯುವ ಅಗತ್ಯವೂ ಇರಲಿಲ್ಲ. ಮೈಸೂರಿನ ರಾಕೆಟ್ಟುಗಳ ವಿಷಯ ಎಲ್ಲರಿಗೂ ಗೊತ್ತು. ಮದ್ದನ್ನು ಬಿದಿರಿನಲ್ಲೋ ಕಾಗದದಲ್ಲೋ ತುಂಬದೆ ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದರಿಂದ ಅವು ದೂರ ಹೋದವು, ಅದನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ಆ ಕೊಳವೆಯ ತಗಡನ್ನು ಬಡಿದು ಮಡಿಸಿದ ಕೈ ಯಾವುದು ಎಂದಷ್ಟೇ ಕೇಳುತ್ತೇನೆ. ಚಕ್ರವರ್ತಿಗಳ ಬಗ್ಗೆ ಜಗಳವಾಡಲು ನಮಗೆ ಪುರುಸೊತ್ತಿದೆ, ಕಮ್ಮಾರರ ಬಗ್ಗೆ ವಿಚಾರಿಸಲು ಇಲ್ಲ.

ಈ ಮೂರನೆಯ ಆಕ್ಷೇಪದೊಳಗೆ ಒಂದು ನಿಜವಿದೆ, ಅದನ್ನು ಒಪ್ಪದೆ ಮುಂದೆ ಹೋಗಲಾಗದು. ಕುಲುಮೆ ಕಾಡು ತಿನ್ನುತ್ತಿತ್ತು. ಒಂದು ಮಣ ಕಬ್ಬಿಣಕ್ಕೆ ಅದರ ಹಲವು ಪಟ್ಟು ಇದ್ದಿಲು ಬೇಕು, ಇದ್ದಿಲಿಗೆ ಅದರ ಹಲವು ಪಟ್ಟು ಸೌದೆ ಬೇಕು. ಆದರೆ ಈ ತಪ್ಪನ್ನು ಹಳ್ಳಿಯ ಕುಲುಮೆಯ ತಲೆಗೆ ಮಾತ್ರ ಕಟ್ಟುವುದು ಯಾವ ನ್ಯಾಯ? ಸಂಸ್ಥಾನದ ಹೆಮ್ಮೆಯಾದ ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ಇಳಿಸತೊಡಗಿದಾಗ ಅದರ ಊದುಕುಲುಮೆ ಉರಿದದ್ದೂ ಇದ್ದಿಲಿನಿಂದಲೇ. ಮಲೆನಾಡಿನ ಮರ ಭಟ್ಟಿಗೆ ಹೋಗಿ ಇದ್ದಿಲಾಗಿ ಬರುತ್ತಿತ್ತು. ವಿಶ್ವೇಶ್ವರಯ್ಯನವರ ದೃಢಸಂಕಲ್ಪ ಆ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿತು, ಅದು ನಿಜ. ಇದ್ದಿಲು ಸುಟ್ಟದ್ದೂ ನಿಜ. ದೊಡ್ಡ ಚಿಮಣಿ ಸುಟ್ಟರೆ ಪ್ರಗತಿ, ಸಣ್ಣ ಕುಲುಮೆ ಸುಟ್ಟರೆ ಅನಾಗರಿಕತೆ ಎಂಬ ಎರಡು ಅಳತೆಗೋಲು ನನಗೆ ಒಪ್ಪಿಗೆಯಿಲ್ಲ.

ನಾಲ್ಕನೆಯ ಮಾತು ನನ್ನ ಕಡೆಯವರದ್ದೇ. ಇಂಗ್ಲಿಷರು ಬಂದು ನಮ್ಮ ಕುಲುಮೆಗಳನ್ನು ಒಡೆಸಿದರು, ಕೆಲಸಗಾರರ ಕೈ ಕಡಿಸಿದರು ಎಂದು ಆವೇಶದಿಂದ ಹೇಳುತ್ತಾರೆ. ಪ್ರೀತಿಯಿಂದ ಹೇಳುವವರಿಗೂ ನನ್ನ ಉತ್ತರ ಒಂದೇ: ಹಾಗೆ ಹೇಳಬೇಡಿ. ಕೈ ಕಡಿಯುವ ಕಥೆ ಬೇಕಾಗಿಯೇ ಇಲ್ಲ, ನಡೆದದ್ದೇ ಸಾಕಷ್ಟು ಕ್ರೂರವಾಗಿದೆ. ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ಕುಲುಮೆಗಳು ಟನ್ನುಗಟ್ಟಲೆ ಸರಕು ಸುರಿದವು. ಹಡಗಿನ ಮೇಲೆ ಬಂದ ಆ ಪಟ್ಟಿಕಬ್ಬಿಣ ಬಂದರಿನಲ್ಲಿ ಅಗ್ಗ, ಒಳನಾಡಿಗೆ ಗಾಡಿ ಬಾಡಿಗೆ ಕೊಟ್ಟು ತಂದರೆ ದುಬಾರಿ. ಅಷ್ಟು ದಿನ ನಮ್ಮ ಕುಲುಮೆ ಉಳಿದದ್ದು ಆ ಬಾಡಿಗೆಯ ಮರೆಯಲ್ಲಿ. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಮದ್ದೂರನ್ನು ಹಾದು ಓಡತೊಡಗಿತು, ಮರೆ ಹೋಯಿತು. ಇನ್ನೊಂದು ಕಡೆ ಕಾಡು ಸರ್ಕಾರದ ಮೀಸಲಾಗುತ್ತಾ ಬಂತು, ಸೌದೆಗೆ ರೈಲೂ ಗಣಿಯೂ ಪೈಪೋಟಿಗೆ ನಿಂತವು. ಕಮ್ಮಾರ ಅದಿರು ಕರಗಿಸುವುದನ್ನು ಬಿಟ್ಟು ಅಂಗಡಿಯ ಪಟ್ಟಿ ತಂದು ಕುಡುಗೋಲು ಬಡಿಯುವವನಾದ. ಮೂಸೆಯ ವಿದ್ಯೆ ಒಂದೆರಡು ತಲೆಮಾರಿನಲ್ಲಿ ಮರೆತುಹೋಯಿತು. ಇದಕ್ಕೆ ಕತ್ತಿ ಬೇಕಾಗಲಿಲ್ಲ, ದರಪಟ್ಟಿ ಸಾಕಾಯಿತು. ಇಲ್ಲದ ಕಥೆ ಕಟ್ಟಿದರೆ ಎದುರಾಳಿ ಅದೊಂದನ್ನೇ ಹಿಡಿದು ಜಗ್ಗಿ, ಇರುವ ಸತ್ಯವನ್ನೂ ಅದರ ಜೊತೆ ಕೆಡವುತ್ತಾನೆ.

ಇನ್ನು ಎಣ್ಣೆಯ ವಿಷಯ. ಇಲ್ಲಿ ಎರಡು ಗುಂಪಿನವರು ಎದುರುಬದರು ನಿಂತು ಇಬ್ಬರೂ ನನ್ನನ್ನು ತಪ್ಪೆನ್ನುತ್ತಾರೆ. ಎಣ್ಣೆ ಶುದ್ಧೀಕರಣ ಎಂಬುದು ದೊಡ್ಡ ಕಾರ್ಖಾನೆಯ ವಿದ್ಯೆ, ಗಾಣದವರಿಗೆ ಹಿಂಡುವುದು ಗೊತ್ತಿತ್ತೇ ಹೊರತು ಶುದ್ಧಮಾಡುವುದು ಗೊತ್ತಿರಲಿಲ್ಲ ಎನ್ನುವವರು ಒಂದು ಗುಂಪು. ಗಾಣದ ಎಣ್ಣೆಯೇ ಅಮೃತ, ಮಿಕ್ಕಿದ್ದೆಲ್ಲ ವಿಷ ಎನ್ನುವವರು ಇನ್ನೊಂದು.

ಮೊದಲ ಗುಂಪಿನವರು ಹರಳೆಣ್ಣೆ ಕಾಯಿಸುವುದನ್ನು ನೋಡಿದ್ದರೆ ಈ ಮಾತು ಆಡುತ್ತಿರಲಿಲ್ಲ. ನಮ್ಮ ಅಜ್ಜಿ ಕಾಯಿಸುತ್ತಿದ್ದುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ರಾಗಿ ಹೊಲದ ಸಾಲಿನಲ್ಲಿ ಬೆಳೆದ ಹರಳನ್ನು ಮೊದಲು ಹದವಾಗಿ ಹುರಿಯಬೇಕು, ಸೀದರೆ ಎಣ್ಣೆ ಕಪ್ಪಾಗುತ್ತದೆ. ಹುರಿದದ್ದನ್ನು ಒರಳಿಗೆ ಹಾಕಿ ಅಂಟು ಬರುವಂತೆ ಕುಟ್ಟಿ, ದೊಡ್ಡ ಮಡಕೆಯ ಕುದಿಯುವ ನೀರಿಗೆ ಬಿಡಬೇಕು. ತಾಸುಗಟ್ಟಲೆ ಕುದಿದ ಮೇಲೆ ಎಣ್ಣೆ ಮೇಲಕ್ಕೆ ತೇಲುತ್ತದೆ, ಗಸಿ ತಳ ಸೇರುತ್ತದೆ. ಅಜ್ಜಿ ಸೌಟಿನಲ್ಲಿ ಮೇಲಿನದನ್ನಷ್ಟೇ ಎತ್ತಿ ಬೇರೆ ಪಾತ್ರೆಗೆ ಹಾಕಿ ಮತ್ತೆ ಒಲೆಯ ಮೇಲಿಡುತ್ತಿದ್ದಳು. ನೀರಿನಂಶ ಇರುವವರೆಗೂ ಚಟಚಟ ಸದ್ದು. ಆ ಸದ್ದು ಪೂರಾ ನಿಲ್ಲುವವರೆಗೆ ಇಳಿಸಲು ಬಿಡುತ್ತಿರಲಿಲ್ಲ. ಹಾಗೆ ಕಾಯಿಸಿದ ಎಣ್ಣೆ ವರ್ಷ ಇಟ್ಟರೂ ಕೆಡುತ್ತಿರಲಿಲ್ಲ. ಬಾಣಂತಿಗೂ ಕೂಸಿಗೂ ಅದೇ, ಬಂಡಿಯ ಅಚ್ಚಿಗೂ ಅದೇ. ಬಿಸಿನೀರಿನಿಂದ ಅಂಟು ಬಿಡಿಸುವುದು, ತಿಳಿ ತೆಗೆಯುವುದು, ಕಾಯಿಸಿ ನೀರು ಹೊರಗೆಡಹುವುದು: ಇಂದಿನ ರಿಫೈನರಿಯ ಮೊದಲ ಹಂತಗಳಲ್ಲೂ ನಡೆಯುವುದು ಇದೇ ಕೆಲಸ. ಅಲ್ಲಿ ಅದರ ಮೇಲೆ ಕಾಸ್ಟಿಕ್ ಸೋಡಾ ಹಾಕಿ ಹುಳಿ ತೆಗೆಯುತ್ತಾರೆ, ವಿಶೇಷ ಮಣ್ಣಿನಿಂದ ಬಣ್ಣ ಹೀರಿಸುತ್ತಾರೆ, ಇನ್ನೂರು ಡಿಗ್ರಿಗೂ ಮೇಲೆ ಹಬೆ ಹಾಯಿಸಿ ವಾಸನೆ ಓಡಿಸುತ್ತಾರೆ.

ಎಣ್ಣೆ ಬಟ್ಟಿಯಿಳಿಸುವುದರಲ್ಲೂ ಮೈಸೂರು ಸೀಮೆ ಹಿಂದೆ ಬಿದ್ದಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಶ್ರೀಗಂಧ ಕಳಿಸುವ ದಾರಿ ಮುಚ್ಚಿದಾಗ ಟಾಟಾ ವಿಜ್ಞಾನ ಸಂಸ್ಥೆಯ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಎದ್ದವು. ಮರ ಕಳಿಸುತ್ತಿದ್ದ ಸಂಸ್ಥಾನ ಎಣ್ಣೆ ಕಳಿಸತೊಡಗಿತು. ಕಚ್ಚಾಮಾಲಿಗೂ ತಯಾರಾದ ಮಾಲಿಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಗಾಣದ ಮೇಲಿನ ಇನ್ನೊಂದು ದೂರು, ಅದು ಎಣ್ಣೆಯನ್ನೆಲ್ಲ ಹಿಂಡಲಾರದೆ ಹಿಂಡಿಯಲ್ಲೇ ಬಿಟ್ಟುಬಿಡುತ್ತಿತ್ತು ಎಂಬುದು. ಹೌದು, ಎತ್ತಿನ ಗಾಣದ ಹಿಂಡಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಎಣ್ಣೆ ಉಳಿಯುತ್ತಿತ್ತು. ಹೆಕ್ಸೇನ್ ಸುರಿದು ತೆಗೆಯುವ ಕಾರ್ಖಾನೆಯಲ್ಲಿ ನೂರಕ್ಕೆ ಒಂದು ಪಾಲೂ ಉಳಿಯುವುದಿಲ್ಲ. ಆದರೆ ಉಳಿದ ಎಣ್ಣೆ ಎಲ್ಲಿಗೆ ಹೋಗುತ್ತಿತ್ತು? ಕಡಲೆಕಾಯಿ ಹಿಂಡಿ, ಹುಚ್ಚೆಳ್ಳು ಹಿಂಡಿ ಎಮ್ಮೆಯ ಬಾನಿಗೆ ಹೋಗಿ ಹಾಲಿನ ಜಿಡ್ಡಾಗಿ ವಾಪಸು ಬರುತ್ತಿತ್ತು. ದನ ತಿನ್ನಬಾರದ ಹೊಂಗೆ ಹಿಂಡಿ, ಹರಳು ಹಿಂಡಿ ಗದ್ದೆಗೆ ಗೊಬ್ಬರ. ನಷ್ಟ ಎಂದು ಲೆಕ್ಕ ಬರೆದವರು ಕೊಟ್ಟಿಗೆಯನ್ನು ಲೆಕ್ಕದಿಂದ ಬಿಟ್ಟು ಬರೆದಿದ್ದಾರೆ.

ಅಮೃತದ ಗುಂಪಿನವರಿಗೂ ಒಂದು ಮಾತು. ಗಾಣದಿಂದ ಬಂದ ಮಾತ್ರಕ್ಕೆ ಎಣ್ಣೆ ಒಳ್ಳೆಯದಾಗುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯನ್ನು ಹಾಕಿದರೆ ಬೂಷ್ಟಿನ ವಿಷವೂ ಎಣ್ಣೆಯ ಜೊತೆ ಇಳಿಯುತ್ತದೆ. ಈಗ ಪೇಟೆಯಲ್ಲಿ ಗಾಣದ ಎಣ್ಣೆ ಎಂದು ಬರೆದ ಸೀಸೆಗೆ ಎರಡರಷ್ಟು ಬೆಲೆ ಇದೆ, ಆದರೆ ನಮ್ಮ ಹೊಲದ ಸಾಲಿನಿಂದ ಹುಚ್ಚೆಳ್ಳು ಮಾಯವಾಗಿದೆ. ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಅದರಲ್ಲಿ ತಾಳೆ ಎಣ್ಣೆಯದೇ ದೊಡ್ಡ ಪಾಲು. ದೀಪದ ಎಣ್ಣೆಯ ಕಥೆ ಇದಕ್ಕೂ ಹಿಂದಿನದು. ಹೊಂಗೆ, ಹಿಪ್ಪೆ, ಹರಳೆಣ್ಣೆ ಉರಿಯುತ್ತಿದ್ದ ಕಡೆ ಸೀಮೆಎಣ್ಣೆ ಡಬ್ಬ ಬಂತು. ಅಮೆರಿಕದಿಂದ, ರಷ್ಯದಿಂದ, ಆಮೇಲೆ ಬರ್ಮಾದಿಂದ. ಅಸ್ಸಾಮಿನ ದಿಗ್ಬೋಯ್ ರಿಫೈನರಿ ಶುರುವಾದದ್ದು 1901ರಲ್ಲಿ. ಗಾಣದವರ ಅರ್ಧ ಕಸುಬು ಅಲ್ಲಿಗೇ ಹೋಗಿತ್ತು, ಉಳಿದರ್ಧಕ್ಕೆ ಡಾಲ್ಡಾ ಬಂತು, ಪಾಮೋಲಿನ್ ಬಂತು. ಎಣ್ಣೆಬೀಜ ಬೆಳೆಯುವುದರ ಚಿಂತೆ ಬಿಟ್ಟು ಸೀಸೆಯ ಮೇಲಿನ ಹೆಸರಿಗಷ್ಟೇ ಪ್ರೀತಿ ತೋರಿದರೆ ಗಾಣಿಗನಿಗೆ ಏನೂ ದಕ್ಕುವುದಿಲ್ಲ.

ಐದನೆಯ ಆಕ್ಷೇಪವನ್ನು ಯಾರೂ ಬಹಿರಂಗವಾಗಿ ಹೇಳುವುದಿಲ್ಲ, ಸಭೆ ಮುಗಿದ ಮೇಲೆ ಕಿವಿಯಲ್ಲಿ ಹೇಳುತ್ತಾರೆ. ಇದು ಒಂದೆರಡು ಜಾತಿಯವರ ಕಥೆ, ಊರಿನ ಚರಿತ್ರೆ ಎಂದು ಏಕೆ ಎಳೆಯುತ್ತೀರಿ ಎಂದು. ನನಗೆ ನಿಜವಾಗಿ ನೋವು ಕೊಟ್ಟ ಮಾತು ಇದೊಂದೇ. ದೇವಸ್ಥಾನದ ಶಾಸನಗಳನ್ನು ಓದಿ. ಗಾಣದೆರೆ ಎಂಬ ತೆರಿಗೆ ಇತ್ತು. ಗಾಣಕ್ಕೆ ಇಂತಿಷ್ಟು ಸೊಲ್ಲಿಗೆ ಎಣ್ಣೆ ನಂದಾದೀವಿಗೆಗೆ ಸಲ್ಲಬೇಕೆಂದು ಕಲ್ಲಿನಲ್ಲಿ ಕೊರೆದಿದ್ದಾರೆ. ತೆಲ್ಲಿಗರ, ಅಂದರೆ ಎಣ್ಣೆ ಹಿಂಡುವವರ, ಐವತ್ತೊಕ್ಕಲು ಸಂಘ ಕೂತು ದಾನ ಬಿಟ್ಟ ಶಾಸನಗಳಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಇದ್ದಾನೆ. ರೈಸ್ ಅವರ ಕಾಲಕ್ಕೆ ಜೋಡಿ ಎತ್ತು ಹೂಡಿ ಕಲ್ಲುಗಾಣ ಆಡಿಸುವವರು, ಒಂಟೆತ್ತು ಕಟ್ಟುವವರು, ಮರದ ಗಾಣದವರು ಎಂದು ಒಳಪಂಗಡಗಳೇ ಇದ್ದವು, ಎಲ್ಲರನ್ನೂ ಸೇರಿಸಿ ಜ್ಯೋತಿಪಣದವರು ಎನ್ನುತ್ತಿದ್ದರು. ಗುಡಿಯೊಳಗಿನ ಬೆಳಕು ಎಲ್ಲರದು, ಆ ಬೆಳಕಿಗೆ ಎಣ್ಣೆ ಹಿಂಡಿದವರ ಕಥೆ ಮಾತ್ರ ಅವರದೇ ಎಂದರೆ ಹೇಗೆ? ಬೆಳಿಗ್ಗೆ ಗಾಣಿಗ ಎದುರಾದರೆ ಅಪಶಕುನ ಎಂದು ದಾರಿ ಬದಲಿಸಿದ ಊರುಗಳು ನಮ್ಮವು. ಆ ಮನೆಯ ಮಗುವೊಂದು ಊರಿನ ಚರಿತ್ರೆಯ ಪುಸ್ತಕ ತೆರೆದಾಗ ತನ್ನ ತಾತನ ಕೆಲಸವನ್ನು ಅದರಲ್ಲಿ ಕಾಣಬೇಕು.

ಬೆಸಗರಹಳ್ಳಿಗೆ ಅದರ ಕತೆಗಾರ ರಾಮಣ್ಣನವರ ಹೆಸರೇ ಸಾಕು, ಈ ಹಳೇ ಕಬ್ಬಿಣ ಏಕೆ ಎಂದು ಕೇಳಿದವರೂ ಇದ್ದಾರೆ. ಸಾಹಿತ್ಯದ ಹೆಸರಿಗೆ ಇದರಿಂದ ಕುಂದೇನೂ ಇಲ್ಲ. ಬೆಸಗರಹಳ್ಳಿಯೇ ಕಬ್ಬಿಣದ ಕೇಂದ್ರವಾಗಿತ್ತು ಎಂದೂ ನಾನು ಹೇಳುತ್ತಿಲ್ಲ. ಪೂರ್ವಕ್ಕೆ ಚನ್ನಪಟ್ಟಣದ ತಂತಿ, ಅದರಾಚೆ ಮಾಗಡಿಯ ಮೂಸೆ, ದಕ್ಷಿಣಕ್ಕೆ ಮಳವಳ್ಳಿಯ ಕುಲುಮೆ. ಇವುಗಳ ನಡುವಿನ ಹೋಬಳಿ ನಮ್ಮದು ಎಂದಷ್ಟೇ ನನ್ನ ವಾದ.

ಕೊನೆಯದು, ಇದನ್ನೆಲ್ಲ ಬರೆದು ಈಗ ಪ್ರಯೋಜನವೇನು ಎಂಬ ಪ್ರಶ್ನೆ. ನಮ್ಮ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣದ ಕಲ್ಲಿನಲ್ಲಿ ಲಿಥಿಯಂ ಇದೆ ಎಂದು ಪರಮಾಣು ಖನಿಜ ನಿರ್ದೇಶನಾಲಯ ಹೇಳಿದೆ. ಮೊದಲು 14,100 ಟನ್ ಎಂದು 2020ರಲ್ಲಿ ಪತ್ರಿಕೆಗಳು ಬರೆದವು, 2021ರಲ್ಲಿ ಸರ್ಕಾರ ಅಧಿಕೃತವಾಗಿ ಹೇಳಿದ್ದು 1,600 ಟನ್. ಪ್ರಮಾಣ ಸಣ್ಣದೇ ಇರಬಹುದು. ಅದನ್ನು ಅಗೆಯಬೇಕೋ ಬೇಡವೋ ಎಂಬ ಚರ್ಚೆ ಒಂದಲ್ಲ ಒಂದು ದಿನ ಆ ಊರುಗಳ ಮುಂದೆ ಬರುತ್ತದೆ. ಆ ದಿನ ಅಧಿಕಾರಿಗಳು ಬಂದು, ನೀವು ಬೇಸಾಯದ ಜನ, ಲೋಹ ಬಿಡಿಸುವ ವಿಷಯ ನಿಮಗೆ ತಿಳಿಯುವುದಿಲ್ಲ, ಕಲ್ಲು ಕೊಡಿ, ಮಿಕ್ಕಿದ್ದು ಬೇರೆ ಕಡೆ ಆಗುತ್ತದೆ ಎಂದರೆ ನಮ್ಮವರು ತಲೆಯಾಡಿಸಬಾರದು. ಶಿವನಸಮುದ್ರದ ವಿದ್ಯುತ್ತು ಹೊರಟಾಗ ನಮ್ಮನ್ನು ಯಾರೂ ಕೇಳಲಿಲ್ಲ. ಈ ಸಲ ನಾವೇ ಕೇಳಬೇಕು: ಎಷ್ಟು ನೀರು ಬೇಕು, ಕಿಟ್ಟ ಎಲ್ಲಿ ಸುರಿಯುತ್ತೀರಿ, ಶುದ್ಧಮಾಡುವ ಕೆಲಸ ಎಲ್ಲಿ ನಡೆಯುತ್ತದೆ, ಅದನ್ನು ನಮ್ಮ ಮಕ್ಕಳಿಗೆ ಯಾರು ಕಲಿಸುತ್ತಾರೆ?